ಹಳೆಯ ಗಾಡಿಗೆ ಹೊಸ ಬ್ರೇಕು

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗುವ ನನ್ನಂಥ ನಿವೃತ್ತರಿಗೆ ಅಲ್ಲಿ ಹಗಲು ಕಳೆಯುವುದೇ ಒಂದು ಉದ್ಯೋಗ. ಬೆಳಗ್ಗೆ ಮನೆಯವರೆಲ್ಲ ಕೆಲಸಕ್ಕೆ, ಶಾಲೆಗೆ ಹೊರಟುಹೋದರೆ ಸಂಜೆಯವರೆಗೆ ಮನೆ ಭಣಗುಟ್ಟುತ್ತದೆ. ಕೊಲರಾಡೊ ಸಂಸ್ಥಾನದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಒಂದು ಇಡೀ ಬೇಸಗೆಯನ್ನು ನಾನು ಬೇಸರವಿಲ್ಲದೆ ಕಳೆದದ್ದು ಎದುರು ಮನೆಯ ಮುದುಕರೊಬ್ಬರ ದೆಸೆಯಿಂದ; ಅವರ ಗ್ಯಾರೇಜಿನಲ್ಲಿದ್ದ 1966ನೆಯ ಇಸವಿಯ ಷೆವರ್ಲೆ ಪಿಕಪ್ ಗಾಡಿಯ ದೆಸೆಯಿಂದ.

ಪಿಕಪ್ ಎಂದರೆ ಮುಂದುಗಡೆ ಇಬ್ಬರು ಮೂವರು ಕೂರುವ ಗೂಡು, ಹಿಂದುಗಡೆ ಸಾಮಾನು ಹೇರುವ ತೆರೆದ ತೊಟ್ಟಿ. ಅಮೆರಿಕದ ರೈತನಿಗೆ ಇದು ನಮ್ಮವನ ಎತ್ತಿನ ಗಾಡಿ ಇದ್ದಂತೆ. ಈ ಗಾಡಿಯನ್ನು ಅವರ ತಂದೆ ಹೊಸದಾಗಿ ಕೊಂಡು ಹುಲ್ಲಿನ ಹೊರೆ, ಬೇಲಿಯ ಗೂಟ, ಕರುಗಳನ್ನು ಸಾಗಿಸಿದ್ದರಂತೆ. ತಂದೆ ಹೋದರು, ಜಮೀನು ಹೋಯಿತು, ಗಾಡಿ ಉಳಿಯಿತು. ಈಗ ಮಗನ ಬಲಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಕೃತಕ ಕೀಲು ಬಂದಿತ್ತು. ವೈದ್ಯರು ಗಾಡಿ ನಡೆಸಲು ಅಪ್ಪಣೆ ಕೊಟ್ಟಿದ್ದರು. ಆದರೆ ಆ ಗಾಡಿಯ ಬ್ರೇಕೋ, ಸೊಂಟದಿಂದ ಬಲ ತಂದು ಒತ್ತದ ಹೊರತು ಮಾತು ಕೇಳುವಂಥದಲ್ಲ. ಸಾಲದ್ದಕ್ಕೆ, ಹಿಂದಿನ ವರ್ಷ ಒಂದು ದಿನ ದೀಪದ ಕಂಬದ ಬಳಿ ಬ್ರೇಕು ಒತ್ತಿದಾಗ ಪೆಡಲು ನೆಲಕ್ಕೆ ಹೋಗಿ ಮಲಗಿಬಿಟ್ಟಿತ್ತು. ನಿಲುಗಡೆಯ ಬ್ರೇಕನ್ನು ಎಳೆದು ಪಾರಾಗಿದ್ದರು. ಅವರ ಮಗ ಗಾಡಿಯನ್ನು ಕೊಳ್ಳುವ ಗಿರಾಕಿಯನ್ನು ಆಗಲೇ ಗೊತ್ತುಮಾಡಿದ್ದ.

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನೆಂದು ಮಗಳು ಹೇಳಿದ್ದೇ ತಡ, ಅವರ ಬಾಯಲ್ಲಿ ನಾನು ‘ಪ್ರೊಫೆಸರ್’ ಆದೆ. ತಿದ್ದಲು ಯತ್ನಿಸಿ ಸೋತೆ. ಒಂದು ಬೆಳಗ್ಗೆ ಅವರು ಕರೆದು ಮೇಜಿನ ಮೇಲಿದ್ದ ಕರಿಯ ವಸ್ತುವೊಂದನ್ನು ತೋರಿಸಿದರು. ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಕೂಡಿಸಿ ಅಂಚು ಮಡಿಸಿದಂತಿತ್ತು. “ಇದೇ ಬೂಸ್ಟರ್. ಇದನ್ನು ಕೂರಿಸಿದರೆ ಬ್ರೇಕು ಬೆಣ್ಣೆಯಾಗುತ್ತದಂತೆ. ಇದರೊಳಗೆ ಏನಿದೆ, ಪ್ರೊಫೆಸರ್?” ಎಂದರು.

ಒಳಗೆ ಇರುವುದು ಬಹುಮಟ್ಟಿಗೆ ಏನೂ ಇಲ್ಲದಿರುವಿಕೆ. ಮಧ್ಯದಲ್ಲಿ ರಬ್ಬರಿನ ಒಂದು ಪೊರೆ, ಅದಕ್ಕೆ ಅಂಟಿದ ತಟ್ಟೆ, ನಡುವೆ ಹಾಯುವ ಒಂದು ದಂಡ. ಪೆಟ್ರೋಲ್ ಯಂತ್ರ ಉಸಿರೆಳೆದುಕೊಳ್ಳುವಾಗ ಅದರ ಗಾಳಿಯ ಕೊಳವೆಯಲ್ಲಿ ಅರೆ ನಿರ್ವಾತ ಉಂಟಾಗುತ್ತದೆ. ಅಲ್ಲಿಂದ ಒಂದು ನಳಿಗೆ ಎಳೆದು ಈ ಡಬ್ಬಿಗೆ ಜೋಡಿಸಿದರೆ ಪೊರೆಯ ಎರಡು ಮಗ್ಗುಲಿನ ಗಾಳಿಯೂ ಹೀರಿಹೋಗುತ್ತದೆ. ಬ್ರೇಕು ಒತ್ತಿದಾಗ ಒಂದು ಸಣ್ಣ ಕವಾಟ ತೆರೆದು ಪೊರೆಯ ಹಿಂಬದಿಗೆ ಮಾತ್ರ ಹೊರಗಿನ ಗಾಳಿಯನ್ನು ಬಿಡುತ್ತದೆ. ಆಗ ವಾಯುಮಂಡಲವೇ ಪೊರೆಯ ಬೆನ್ನಿಗೆ ಕೈಕೊಟ್ಟು ತಳ್ಳುತ್ತದೆ. ಪೊರೆಯ ಅಡ್ಡಳತೆ 8 ಅಂಗುಲವೆಂದರೆ ಅದರ ಹರವು ಸುಮಾರು 50 ಚದರ ಅಂಗುಲ. ಸಮುದ್ರದ ಮಟ್ಟದಲ್ಲಿ 18 ಅಂಗುಲ ಪಾದರಸದಷ್ಟು ನಿರ್ವಾತ ದೊರೆತರೆ ಚದರ ಅಂಗುಲಕ್ಕೆ ಹತ್ತಿರ ಹತ್ತಿರ 9 ಪೌಂಡು. ಒಟ್ಟು 450 ಪೌಂಡಿನ ನೂಕು. ಯಂತ್ರ ನಿಂತುಹೋದರೂ ಡಬ್ಬಿಯಲ್ಲಿ ಉಳಿದ ನಿರ್ವಾತ ಒಂದೆರಡು ಸಲ ಒತ್ತುವುದಕ್ಕೆ ಸಾಕು. ಅದೂ ಮುಗಿದರೆ ದಂಡವಂತೂ ಕಾಲಿನಿಂದ ಸಿಲಿಂಡರಿನವರೆಗೆ ನೇರವಾಗಿ ಇದ್ದೇ ಇದೆ. ಬಲ ಹೆಚ್ಚು ಬೇಕು, ಅಷ್ಟೆ. ಬೆಲ್ಜಿಯಮ್ಮಿನ ಆಲ್ಬೆರ್ ದೆವಾಂಡ್ರ್ 1920ರ ದಶಕದಲ್ಲಿ ಇಂಥದನ್ನು ರಚಿಸಿದ. ಅಮೆರಿಕದಲ್ಲಿ 1928ರ ಪಿಯರ್ಸ್-ಆ್ಯರೋ ಕಾರಿನಲ್ಲಿ ಇದೇ ತತ್ವದ ಸಾಧನ ಬಂದಿತು. ನಮ್ಮ ಕಡೆಯ ಡೀಸಲ್ ಗಾಡಿಗಳ ಯಂತ್ರದಲ್ಲಿ ಈ ಹೀರುವಿಕೆ ದೊರೆಯದಾದ್ದರಿಂದ ಅವುಗಳಿಗೆ ನಿರ್ವಾತ ಉಂಟುಮಾಡುವ ಬೇರೆ ಪಂಪು ಇಟ್ಟಿರುತ್ತಾರೆ. ದೊಡ್ಡ ಲಾರಿಗಳ ದಾರಿಯೇ ಬೇರೆ, ಅಲ್ಲಿ ಒತ್ತಿ ತುಂಬಿದ ಗಾಳಿಯ ಕಾರುಬಾರು.

ಇಷ್ಟು ಹೇಳಿ ನಾನು ಸುಮ್ಮನಿದ್ದಿದ್ದರೆ ಆ ಡಬ್ಬಿ ಅಂದೇ ಗಾಡಿಗೆ ಏರುತ್ತಿತ್ತು. ಆದರೆ ಗಾಡಿಯ ಕೆಳಗೆ ಬಗ್ಗಿ ನೋಡಿದಾಗ ನನಗೆ ಧೈರ್ಯ ಬರಲಿಲ್ಲ. ಬ್ರೇಕ್ ಎಣ್ಣೆಯ ಕೊಳವೆಗಳು ತುಕ್ಕು ಹಿಡಿದು ಬೇವಿನ ತೊಗಟೆಯಂತೆ ಕಾಣುತ್ತಿದ್ದವು. ಬೂಸ್ಟರ್ ಗಾಡಿಯನ್ನು ನಿಲ್ಲಿಸುವುದಿಲ್ಲ; ಕಾಲಿಗೆ ನೆರವಾಗುತ್ತದೆ. ನಿಲ್ಲಿಸುವ ಕೆಲಸ ಗಾಲಿಯ ಬಳಿಯಿರುವ ಪಟ್ಟಿಗಳದು. ಸೋರುವ ಕೊಳವೆಗೆ ಹೆಚ್ಚು ಒತ್ತಡ ಕೊಟ್ಟರೆ ಅದು ಇನ್ನೂ ಬೇಗ ಒಡೆಯುವುದೇ ಹೊರತು ಬೇರೇನಾದೀತು?

ಇದಕ್ಕಿಂತ ದೊಡ್ಡ ತೊಡಕು ಗಾಡಿಯ ಹುಟ್ಟಿನಲ್ಲೇ ಇತ್ತು. 1966ರ ಈ ಮಾದರಿಯಲ್ಲಿ ನಾಲ್ಕು ಗಾಲಿಗಳಿಗೂ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಎಣ್ಣೆಯ ಹಾದಿ. ಎಲ್ಲೋ ಒಂದು ಕಡೆ ರಂಧ್ರ ಬಿದ್ದರೆ ನಾಲ್ಕೂ ಗಾಲಿಗಳ ಬ್ರೇಕು ಒಟ್ಟಿಗೆ ಹೋಗುತ್ತದೆ. ಅಂದು ದೀಪದ ಕಂಬದ ಬಳಿ ಆದದ್ದೂ ಇದೇ. ಕ್ಯಾಡಿಲಾಕ್ ಕಾರಿನಲ್ಲಿ 1962ರಲ್ಲೇ ಮುಂದಿನ ಗಾಲಿಗಳಿಗೊಂದು, ಹಿಂದಿನವಕ್ಕೊಂದು ಎಂದು ಎರಡು ಹಾದಿ ಮಾಡಿದ್ದರು. 1966ರ ಸೆಪ್ಟೆಂಬರಿನಲ್ಲಿ ವಾಹನಗಳ ಸುರಕ್ಷತೆಯ ಕಾನೂನಿಗೆ ಅಮೆರಿಕದ ಅಧ್ಯಕ್ಷರ ಅಂಕಿತ ಬಿತ್ತು. ಷೆವರ್ಲೆ ಪಿಕಪ್ಪಿಗೆ ಜೋಡಿ ಸಿಲಿಂಡರು ಬಂದದ್ದು 1967ರ ಮಾದರಿಯಲ್ಲಿ. ಒಂದು ವರ್ಷದ ಅಂತರದಲ್ಲಿ ಈ ಗಾಡಿ ಹಳೆಯ ಕಾಲದ ಪಾಲಿಗೆ ಬಿದ್ದುಹೋಗಿತ್ತು.

“ಅಪ್ಪ ಓಡಿಸಿದಂತೆಯೇ ಗಾಡಿ ಇರಬೇಕು” ಎಂದು ಮುದುಕರು ಹಟ ಹಿಡಿದರು. ಹಳೆಯದನ್ನು ಪ್ರೀತಿಸುವವರ ಈ ಹಟ ನನಗೆ ಅರ್ಥವಾಗದ್ದಲ್ಲ; ನಮ್ಮ ಊರಿನ ಮನೆಯ ತೊಲೆಗೆ ಗೆದ್ದಲು ಹತ್ತಿದಾಗ ನಾನೂ ಹೀಗೆಯೇ ಆಡಿದ್ದೆ. ಎರಡು ದಿನ ಅವರು ನನ್ನೊಡನೆ ಹವೆಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಬಂದು, “ಬಣ್ಣ ಮುಟ್ಟುವುದು ಬೇಡ, ಸೀಟು ಮುಟ್ಟುವುದು ಬೇಡ, ಕೆಳಗಿನದೆಲ್ಲ ಬದಲಾಗಲಿ” ಎಂದರು. ಮಗನೂ ಬಂದ. ಅವನ ಷರತ್ತು ಒಂದೇ: ಅಪ್ಪ ಈ ಗಾಡಿಯಲ್ಲಿ ಪೈಕ್ಸ್ ಪೀಕ್ ಶಿಖರ ಹತ್ತಿ, ಬ್ರೇಕು ಕಾಯಿಸದೆ ಇಳಿದು ತೋರಿಸಿದರೆ ಮಾರುವ ಮಾತು ಎತ್ತುವುದಿಲ್ಲ, ಇಲ್ಲವಾದರೆ ಗಿರಾಕಿಗೆ ಫೋನು.

ಕೆಲಸ ಹಿಂದಿನ ಗಾಲಿಗಳ ಡ್ರಮ್ಮಿನಿಂದ ಆರಂಭವಾಯಿತು. ಹಳೆಯ ಬ್ರೇಕ್ ಪಟ್ಟಿಗಳಲ್ಲಿ ಕಲ್ನಾರು ಇರುತ್ತಿತ್ತು; ಅದರ ಧೂಳು ಶ್ವಾಸಕೋಶಕ್ಕೆ ವಿಷ. ಗಾಳಿ ಊದಿ ತೆಗೆಯಹೊರಟವರನ್ನು ತಡೆದು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಸಿದೆ. ಕೊಳವೆಗಳೆಲ್ಲ ಹೊಸವಾದವು. ಮುಂದಿನ ಗಾಲಿಗಳಿಗೆ ಡ್ರಮ್ಮಿನ ಬದಲು ಡಿಸ್ಕು ಹಾಕುವುದೆಂದಾಯಿತು. ಡ್ರಮ್ಮಿಗೊಂದು ಗುಣವಿದೆ: ತಿರುಗುವ ಡ್ರಮ್ಮು ತನ್ನನ್ನು ಮುಟ್ಟಿದ ಪಟ್ಟಿಯನ್ನು ತಾನೇ ಒಳಕ್ಕೆ ಸೆಳೆದುಕೊಂಡು ಬಿಗಿಯುತ್ತದೆ, ಹೀಗಾಗಿ ಅಲ್ಪ ಬಲ ಸಾಕು. ಒಂದು ದೋಷವೂ ಇದೆ: ಕಾದರೆ ಹಿಗ್ಗಿ ಪಟ್ಟಿಯಿಂದ ದೂರ ಸರಿಯುತ್ತದೆ, ಪೆಡಲು ತಗ್ಗುತ್ತ ಹೋಗುತ್ತದೆ. ಡಿಸ್ಕು ಕಾದರೆ ದಪ್ಪವಾಗಿ ಪಟ್ಟಿಯ ಕಡೆಗೇ ಹಿಗ್ಗುತ್ತದೆ, ಗಾಳಿಗೆ ಮೈಯೊಡ್ಡಿ ಬೇಗ ತಣಿಯುತ್ತದೆ. ಆದರೆ ತನ್ನಿಂದ ತಾನೇ ಬಿಗಿಯುವ ಗುಣ ಅದಕ್ಕಿಲ್ಲ. ಎಣ್ಣೆಯಲ್ಲಿ ಚದರ ಅಂಗುಲಕ್ಕೆ ಒಂದು ಸಾವಿರ ಪೌಂಡಿನ ಆಸುಪಾಸಿನ ಒತ್ತಡ ಬೇಕು. ಕೃತಕ ಮಂಡಿಯ ಕಾಲಿಗೆ ಅದು ಆಗದ ಮಾತು. ಬೂಸ್ಟರಿಗೆ ನಿಜವಾದ ಕೆಲಸ ಬಂದದ್ದು ಇಲ್ಲಿಯೇ.

ಷೆವರ್ಲೆಯವರು ತಮ್ಮ ಪಿಕಪ್ಪುಗಳಿಗೆ ಮುಂದಿನ ಡಿಸ್ಕನ್ನು ಸಾಮಾನ್ಯವಾಗಿ ಕೊಡತೊಡಗಿದ್ದು 1971ರಲ್ಲಿ. ಅದರ ಜೊತೆಗೇ ಗಾಲಿಯ ಆರು ನಟ್ಟುಗಳು ಐದಾದವು. ಹೊಸ ಡಿಸ್ಕನ್ನು ಹಾಗೆಯೇ ತಂದು ಹಾಕಿದರೆ ಮುಂದೆ ಐದು ನಟ್ಟು, ಹಿಂದೆ ಆರು ನಟ್ಟು, ಒಂದೇ ಹೆಚ್ಚುವರಿ ಗಾಲಿ ಎರಡಕ್ಕೂ ಒದಗದು. ಪುಣ್ಯಕ್ಕೆ ಆರು ನಟ್ಟಿನ ಡಿಸ್ಕುಗಳೂ ಪೇಟೆಯಲ್ಲಿ ಸಿಗುತ್ತವೆ. ತಂದೆಯ ಕಾಲದ ಗಾಲಿ ಉಳಿಯಿತೆಂದು ಮುದುಕರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ನನ್ನ ತಪ್ಪಿನ ಕಥೆ. ಬೂಸ್ಟರಿನಿಂದ ಮಾಸ್ಟರ್ ಸಿಲಿಂಡರಿಗೆ ಚಾಚುವ ದಂಡದ ತುದಿಗೂ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. “ಸಂದು ಏಕೆ? ಮುಟ್ಟಿಕೊಂಡೇ ಇದ್ದರೆ ಪೆಡಲು ಬಿಗಿಯಾಗಿರುತ್ತದೆ” ಎಂದು ದಂಡವನ್ನು ಉದ್ದಮಾಡಿಸಿದವನು ನಾನೇ. ಮೊದಲ ಸವಾರಿಯಲ್ಲಿ ಮೂರು ಮೈಲಿ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬಂತು. ನಾಲ್ಕನೆಯ ಮೈಲಿಯಲ್ಲಿ ಗಾಡಿ ತಾನಾಗಿಯೇ ನಿಂತಿತು. ಯಾರೂ ಬ್ರೇಕು ಒತ್ತಿರಲಿಲ್ಲ! ಆದದ್ದಿಷ್ಟು: ಕಾಲು ತೆಗೆದ ಮೇಲೂ ಪಿಸ್ಟನ್ನು ಪೂರ್ತಿ ಹಿಂದಕ್ಕೆ ಬರಲಿಲ್ಲ. ಎಣ್ಣೆ ತೊಟ್ಟಿಗೆ ಮರಳುವ ಸೂಜಿಗಣ್ಣಿನಂಥ ರಂಧ್ರ ಮುಚ್ಚಿಯೇ ಉಳಿಯಿತು. ಬಿಸಿಗೆ ಹಿಗ್ಗಿದ ಎಣ್ಣೆಗೆ ಹೋಗಲು ಎಡೆಯಿಲ್ಲದೆ ಅದು ಪಟ್ಟಿಗಳನ್ನು ಒತ್ತಿತು. ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತಡ. ರಸ್ತೆಯ ಬದಿಯಲ್ಲಿ ಒಂದು ಗಂಟೆ ತಣಿಯಲು ಕುಳಿತೆವು. ಮುದುಕರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ದಂಡ ಸರಿಹೋದ ಮೇಲೆ ಇನ್ನೊಂದು ಕೊರತೆ ಕಂಡಿತು. ಪೆಡಲು ಹಗುರವಾಗಿತ್ತು, ಆದರೆ ಪುಸ್ತಕ ಹೇಳುವಷ್ಟು ಹಗುರವಲ್ಲ. ಯಂತ್ರಕ್ಕೆ ಮಾಪಕ ಕಟ್ಟಿ ನೋಡಿದರೆ 18 ಅಂಗುಲ ಇರಬೇಕಾದ ನಿರ್ವಾತ 13ಕ್ಕೂ ಕೆಳಗೆ ನಿಂತಿತ್ತು. ಯಂತ್ರಕ್ಕೆ ಮುಪ್ಪಾಯಿತೆಂದು ಅವರು ಪೇಚಾಡಿದರು. ನನಗೆ ಥಟ್ಟನೆ ಹೊಳೆದದ್ದು ಪಾಸ್ಕಲ್.

ನಿಶ್ಚಲ ದ್ರವದ ಮೇಲಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ನಿಯಮ ಅವನದು. ಮಾಲ್ಕಮ್ ಲಾಕ್‌ಹೀಡ್ ರೂಪಿಸಿದ ಎಣ್ಣೆಯ ಬ್ರೇಕು 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಗಾಲಿಗಳಿಗೂ ಬಂದದ್ದು ಆ ನಿಯಮದ ಬಲದಿಂದ. ಇದನ್ನು ಎಲ್ಲ ಹುಡುಗರೂ ಬಾಯಿಪಾಠ ಮಾಡುತ್ತಾರೆ. ಆದರೆ 1648ರಲ್ಲಿ ಅದೇ ಪಾಸ್ಕಲ್ ತನ್ನ ಭಾವನಾದ ಪೆರಿಯೆಯ ಕೈಯಲ್ಲಿ ಪಾದರಸದ ಕೊಳವೆ ಕೊಟ್ಟು ಫ್ರಾನ್ಸಿನ ಪುಯಿ ದ ದೋಮ್ ಬೆಟ್ಟ ಹತ್ತಿಸಿದ್ದ. ತುದಿಗೆ ಹೋದಾಗ ಪಾದರಸ ಮೂರು ಅಂಗುಲಕ್ಕೂ ಮಿಗಿಲಾಗಿ ಇಳಿದಿತ್ತು. ಮೇಲೆ ಹೋದಂತೆ ಗಾಳಿಯ ಭಾರ ಕಡಮೆಯೆಂದು ಸಿದ್ಧವಾಯಿತು. ಕೊಲರಾಡೊ ಸ್ಪ್ರಿಂಗ್ಸ್ ಇರುವುದು 6,000 ಅಡಿ ಎತ್ತರದಲ್ಲಿ. ಸಾವಿರ ಅಡಿಗೆ ಸುಮಾರು ಒಂದು ಅಂಗುಲ ನಿರ್ವಾತ ಕಳೆಯಿರಿ: ಲೆಕ್ಕ ಸರಿಹೋಯಿತು. ಯಂತ್ರದ ತಪ್ಪೇನೂ ಇಲ್ಲ. ತಳ್ಳಬೇಕಾದ ಗಾಳಿಯೇ ಅಲ್ಲಿ ತೆಳು. 450 ಪೌಂಡಿನ ನೂಕು 300ಕ್ಕೆ ಇಳಿದಿತ್ತು. ಎಣ್ಣೆಯ ಪಾಸ್ಕಲ್ ಕೊಟ್ಟದ್ದನ್ನು ಬೆಟ್ಟದ ಪಾಸ್ಕಲ್ ಕಿತ್ತುಕೊಳ್ಳುತ್ತಿದ್ದ. ಒಂದರ ಹಿಂದೆ ಒಂದರಂತೆ ಎರಡು ಪೊರೆಗಳಿರುವ ಬೂಸ್ಟರನ್ನು ತರಿಸಿ ಮೊದಲಿನದನ್ನು ಹಿಂದಿರುಗಿಸಿದೆವು. ಮೂವತ್ತು ವರ್ಷ ಈ ಎರಡು ಪಾಠಗಳನ್ನು ಬೇರೆ ಬೇರೆ ತಿಂಗಳಿನಲ್ಲಿ ಹೇಳಿಕೊಟ್ಟಿದ್ದೆ. ಅವೆರಡೂ ಒಂದೇ ಪೆಡಲಿನ ಕೆಳಗೆ ಕೂಡುವುದನ್ನು ನೋಡಿದ್ದು ಅದೇ ಮೊದಲು.

ಆಗಸ್ಟಿನ ಒಂದು ಬೆಳಗ್ಗೆ ಮೂವರೂ ಹೊರಟೆವು. 1806ರಲ್ಲಿ ಈ ಶಿಖರವನ್ನು ಏರಲಾಗದೆ ಹಿಂದಿರುಗಿದ ಪೈಕ್ ಎಂಬ ಸೈನ್ಯಾಧಿಕಾರಿಯ ಹೆಸರೇ ಅದಕ್ಕೆ ನಿಂತಿದೆ. ಸೋತವನಿಗೆ ಇಂಥ ಗೌರವ ಎಲ್ಲ ಕಡೆಯೂ ಸಿಗುವುದಿಲ್ಲ. ರಸ್ತೆ 19 ಮೈಲಿ, ತುದಿ 14,115 ಅಡಿ. ಮುದುಕರು ತಂದೆಯೊಡನೆ ಇದೇ ಗಾಡಿಯಲ್ಲಿ ಬಂದಾಗ ಜಲ್ಲಿಯ ಹಾದಿಯಾಗಿತ್ತಂತೆ; 2011ರಿಂದ ಪೂರ್ತಿ ಡಾಂಬರು. ಹತ್ತುವುದರಲ್ಲಿ ಹೇಳುವಂಥದೇನಿಲ್ಲ, ನನಗೆ ಉಸಿರು ಕಟ್ಟಿದ್ದನ್ನು ಬಿಟ್ಟರೆ.

ಇಳಿಯುವ ಮುನ್ನ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದೆ. 1,800 ಕಿಲೋ ಭಾರದ ಗಾಡಿ 800 ಮೀಟರು ಇಳಿದರೆ ಬಿಡುಗಡೆಯಾಗುವ ಶಕ್ತಿ ನಲವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವಷ್ಟು ಕಾಯಿಸಬಲ್ಲುದು. ಒಂದು ದೊಡ್ಡ ಹಂಡೆ ಬಿಸಿನೀರು! ಅದಷ್ಟೂ ಬ್ರೇಕಿಗೆ ಬಿದ್ದರೆ ಯಾವ ಡಿಸ್ಕೂ ತಾಳದು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ನಮ್ಮ ಆಗುಂಬೆ ಘಾಟಿಯ ಬಸ್ಸಿನ ಚಾಲಕರು ಹೇಳುತ್ತಿದ್ದುದು ನೆನಪಾಗಿ ಹೇಳಿದೆ. “ಅಪ್ಪನೂ ಅದನ್ನೇ ಹೇಳುತ್ತಿದ್ದ” ಎಂದು ಅವರು ಕೆಳಗಿನ ಗೇರಿಗೆ ಹಾಕಿದರು. ಯಂತ್ರ ಗೊಣಗುತ್ತ ಭಾರ ಹೊತ್ತಿತು. ತಿರುವಿನ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡುವುದು, ಮತ್ತೆ ತಣಿಯಲು ಬಿಡುವುದು. ಮಗ ನಡುವೆ ಕುಳಿತು ತಂದೆಯ ಮಂಡಿಯನ್ನೇ ನೋಡುತ್ತಿದ್ದ.

ಶಿಖರದಿಂದ ಆರು ಮೈಲಿ ಕೆಳಗೆ ಗ್ಲೆನ್ ಕೋವ್ ಎಂಬಲ್ಲಿ ಇಳಿಯುವ ಗಾಡಿಗಳನ್ನು ತಡೆದು ಬ್ರೇಕಿನ ಬಿಸಿ ಅಳೆಯುತ್ತಾರೆ. ಮಿತಿ ಮೀರಿದ್ದರೆ ಬದಿಗೆ ನಿಲ್ಲಿಸಿ ತಣಿಯುವವರೆಗೆ ಬಿಡುವುದಿಲ್ಲ. ನಮ್ಮ ಮುಂದಿದ್ದ ಹೊಚ್ಚಹೊಸ ಕಾರೊಂದು ಬದಿಗೆ ಹೋಯಿತು. ಕಾವಲಿನ ಹುಡುಗಿ ಬಂದು ಮುಂದಿನ ಗಾಲಿಗೆ ಉಷ್ಣಮಾಪಕ ಹಿಡಿದಳು. ಅಂಕಿ ನೋಡಿದಳು, ಮತ್ತೊಮ್ಮೆ ಹಿಡಿದಳು.

“ಯಾವ ಇಸವಿಯ ಗಾಡಿ, ಸರ್?” ಎಂದಳು.

“ಗಾಡಿ 1966. ಬ್ರೇಕು ಹೋದ ತಿಂಗಳಿನದು” ಎಂದರು ಮುದುಕರು.

ಅವಳು ಕೈಬೀಸಿ ಹೋಗಗೊಟ್ಟಳು. ಮಗ ಜೇಬಿನಿಂದ ಫೋನು ತೆಗೆದು, ಗಿರಾಕಿಗೆ ಏನನ್ನೋ ಬರೆಯತೊಡಗಿದ.