ಶಸ್ತ್ರಚಿಕಿತ್ಸೆಯಾದ ಮೊಲದ ಆರೈಕೆ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ತಪ್ಪಲಿನ ಹಳ್ಳಿಯೊಂದಕ್ಕೆ ಶೇಂಗಾ ತಾಕು ನೋಡಲು ಹೋಗಿದ್ದಾಗ ಪರಿಚಯದ ರೈತರೊಬ್ಬರ ಮನೆಯಲ್ಲಿ ಮಕ್ಕಳು ಅಳುತ್ತಿದ್ದರು. ಅವರು ಸಾಕಿದ ಬಿಳಿ ಹೆಣ್ಣು ಮೊಲಕ್ಕೆ ಮೂರು ದಿನಗಳ ಹಿಂದೆ ಪಟ್ಟಣದಲ್ಲಿ ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆ ಮಾಡಿಸಿದ್ದರು. "ಹೊಟ್ಟೆ ಕೊಯ್ದ ಜೀವ, ಎರಡು ದಿನ ಏನೂ ಹಾಕಬೇಡ್ರಪ್ಪ" ಎಂದು ಮನೆಯ ಹಿರಿಯರು ಹೇಳಿದ್ದರಿಂದ ಮೇವು ಕೊಟ್ಟಿರಲಿಲ್ಲ. ಮೂರನೆಯ ದಿನ ಮೇವು ಹಾಕಿದರೆ ಅದು ಮೂಸಿಯೂ ನೋಡಲಿಲ್ಲ. ಆ ರಾತ್ರಿ ಸತ್ತಿತು. ಹೊಲಿಗೆ ಒಂದೂ ಬಿಚ್ಚಿರಲಿಲ್ಲ, ಗಾಯ ಚೆನ್ನಾಗಿ ಒಣಗಿತ್ತು.

ನಾನು ಬೇಸಾಯಶಾಸ್ತ್ರದವನು. ಪಶುವೈದ್ಯ ಮಿತ್ರರನ್ನು ವಿಚಾರಿಸಿದಾಗ ತಿಳಿದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ಮೇವಿನ ಮಾತು ಮಾತ್ರ ನನ್ನದು.

ಮೊಲದ ಕರುಳು ಸದಾ ಚಲಿಸುತ್ತಿರಬೇಕು. ನಾರಿನ ಮೇವು ಒಂದೇ ಸಮನೆ ಒಳಗೆ ಹೋಗುತ್ತಿದ್ದರೆ ಮಾತ್ರ ಈ ಚಲನೆ ನಡೆಯುತ್ತದೆ. ಮೇವು ನಿಂತರೆ ಕರುಳೂ ನಿಲ್ಲುತ್ತದೆ, ವಾಯು ತುಂಬುತ್ತದೆ, ನೋವಿನಿಂದ ಮೊಲ ಮತ್ತಷ್ಟು ಮೇವು ಬಿಡುತ್ತದೆ. ಮೊಲಕ್ಕೆ ವಾಂತಿಯಾಗುವುದಿಲ್ಲ. ಆದ್ದರಿಂದ ನಾಯಿಗೆ ಮಾಡುವಂತೆ ಶಸ್ತ್ರಚಿಕಿತ್ಸೆಗೆ ಮೊದಲು ರಾತ್ರಿಯೆಲ್ಲಾ ಉಪವಾಸ ಕೆಡವುವ ಅಗತ್ಯವಿಲ್ಲ. ಪ್ರಯಾಣದ ಬುಟ್ಟಿಯಲ್ಲೂ ಒಂದು ಹಿಡಿ ಹುಲ್ಲು ಇರಲಿ.

ಮನೆಗೆ ತಂದ ಕೂಡಲೇ, ಅರಿವಳಿಕೆಯ ಮಂಪರು ಪೂರ್ತಿ ಇಳಿದಿದ್ದರೆ, ಮೇವು ನೀರು ಮುಂದಿಡಬೇಕು. ಮರುದಿನ ಬೆಳಗಾಗುವ ಹೊತ್ತಿಗೆ ಅದು ಸ್ವಲ್ಪವಾದರೂ ತಿಂದಿರಬೇಕು, ಹಿಕ್ಕೆ ಹಾಕಿರಬೇಕು. ಹಿಕ್ಕೆಯನ್ನು ದಿನಾ ಎಣಿಸುವವರನ್ನು ಕಂಡು ನಗಬೇಡಿ, ಅದಕ್ಕಿಂತ ಒಳ್ಳೆಯ ಗುರುತು ಮತ್ತೊಂದಿಲ್ಲ. 12 ಗಂಟೆ ಕಾಲ ಏನೂ ತಿನ್ನದಿದ್ದರೆ, ಹಿಕ್ಕೆ ತೀರ ಸಣ್ಣದಾದರೆ ಅಥವಾ ನಿಂತರೆ ಪಶುವೈದ್ಯರನ್ನು ಕಾಣಬೇಕು, ನಾಳೆ ನೋಡೋಣ ಎನ್ನಬಾರದು. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ಬಲವಂತವಾಗಿ ಏನನ್ನೂ ಕುಡಿಸಬಾರದು. ಉಬ್ಬರವಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ, ಮೊಲದ ಹಿಂಡಿಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ನುಣ್ಣಗೆ ಕಲಸಿ, ಸೂಜಿ ತೆಗೆದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಒಂದೊಂದೇ ಮಿ.ಲೀ. ಬಿಡಬಹುದು.

ಯಾವ ಮೇವು? ಒಣಗಿಸಿದ ಹುಲ್ಲೇ ಮುಖ್ಯ. ಗರಿಕೆ, ಅಂಜನ ಹುಲ್ಲು ಉತ್ತಮ. ಬಾಯಿ ರುಚಿ ಹುಟ್ಟಿಸಲು ಕೊತ್ತಂಬರಿ ಸೊಪ್ಪು, ಹಿಪ್ಪುನೇರಳೆ ಸೊಪ್ಪು, ಸ್ವಲ್ಪ ಕುದುರೆ ಮಸಾಲೆ ಸೊಪ್ಪು ಕೊಡಬಹುದು. ನಮ್ಮ ಕಡೆ ರೇಷ್ಮೆ ಬೆಳೆಗಾರರಿದ್ದಾರೆ, ಹಿಪ್ಪುನೇರಳೆಗೆ ಬರವಿಲ್ಲ. ಆದರೆ ಔಷಧಿ ಹೊಡೆದ ತೋಟದ ಸೊಪ್ಪು ಸಲ್ಲದು. ಚಳ್ಳಕೆರೆ ಸೀಮೆಯಲ್ಲಿ ಎಲ್ಲರ ಹಿತ್ತಲಲ್ಲೂ ಶೇಂಗಾ ಬಳ್ಳಿಯ ಬಣವೆ ಇರುತ್ತದೆ. ಮಳೆಗೆ ನೆನೆದು ಬೂಷ್ಟು ಹಿಡಿದ ಬಳ್ಳಿಯನ್ನೂ ಹಳೆಯ ಶೇಂಗಾ ಹಿಂಡಿಯನ್ನೂ ಮೊಲದ ಹತ್ತಿರ ಸುಳಿಯಗೊಡಬಾರದು. ಅವುಗಳಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ವಿಷಕ್ಕೆ ಮೊಲದಷ್ಟು ಬೇಗ ಬಲಿಯಾಗುವ ಪ್ರಾಣಿಗಳು ಕಡಿಮೆ. ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಇರುವುದರಿಂದ ಅದೂ ಬೇಡ. ಅನ್ನ, ಬಿಸ್ಕತ್ತು, ಬೆಲ್ಲಗಳನ್ನು ಮಕ್ಕಳು ಪ್ರೀತಿಯಿಂದ ತಿನ್ನಿಸುತ್ತಾರೆ. ಹಾಗೆ ಮಾಡದಂತೆ ಅವರಿಗೆ ತಿಳಿಸಬೇಕು.

ನೋವಾದರೆ ಮೊಲ ಕೂಗುವುದಿಲ್ಲ. ಬೆನ್ನು ಗೂನು ಮಾಡಿ, ಕಣ್ಣು ಅರೆ ಮುಚ್ಚಿ, ಹಲ್ಲು ಕಡಿಯುತ್ತಾ ಮೂಲೆ ಸೇರುತ್ತದೆ. ನೋವಿದ್ದರೆ ಮೇಯುವುದಿಲ್ಲವಾದ್ದರಿಂದ ವೈದ್ಯರು ಕೊಟ್ಟ ನೋವಿನ ಔಷಧಿಯನ್ನು ಹೇಳಿದಷ್ಟು ದಿನವೂ ಕೊಡಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮಾತ್ರೆಗಳನ್ನು ಕೊಟ್ಟರೆ ಕರುಳಿನ ಉಪಯುಕ್ತ ಜೀವಾಣುಗಳು ನಾಶವಾಗಿ ಮೊಲ ಸಾಯಬಹುದು. ನಾಯಿಯ ಉಣ್ಣೆಗೆ ಬಳಸುವ ಫಿಪ್ರೊನಿಲ್ ಸಹ ಮೊಲಕ್ಕೆ ವಿಷ.

ಗಾಯಕ್ಕೆ ಅರಿಶಿನ, ಬೂದಿ, ಸೀಮೆಎಣ್ಣೆ ಹಚ್ಚಬಾರದು, ಸ್ನಾನ ಮಾಡಿಸಬಾರದು. ದಿನಕ್ಕೆರಡು ಬಾರಿ ನೋಡಿದರೆ ಸಾಕು. ಕೆಂಪಗೆ ಊದಿದರೆ, ಕೀವು ಸೋರಿದರೆ, ಹೊಲಿಗೆ ಬಿಚ್ಚಿದರೆ ವೈದ್ಯರಿಗೆ ತೋರಿಸಬೇಕು. ನೊಣ ಕೂತರೆ ಹುಳು ಬೀಳುವುದರಿಂದ ಗೂಡಿಗೆ ಸೊಳ್ಳೆ ಪರದೆ ಕಟ್ಟಿ, ಮರದ ಪುಡಿಯ ಬದಲು ಒಗೆದ ಹಳೆಯ ಬಟ್ಟೆ ಹಾಸಬೇಕು. ಕುತ್ತಿಗೆಗೆ ಕಟ್ಟುವ ಕಾಲರ್ ವೈದ್ಯರು ಹೇಳಿದ ಹೊರತು ಬೇಡ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ನೇರವಾಗಿ ಬಾಯಿ ಹಾಕಿ ತಿನ್ನುವುದು ಅದರ ಜೀರ್ಣಕ್ರಿಯೆಯ ಭಾಗ, ಕಾಲರ್ ಅದಕ್ಕೆ ಅಡ್ಡಿ. ಕಿವಿ ಹಿಡಿದು ಎತ್ತುವ ರೂಢಿಯನ್ನಂತೂ ಬಿಡಲೇಬೇಕು. ಒಂದು ಕೈ ಎದೆಯ ಕೆಳಗೆ, ಮತ್ತೊಂದು ಹಿಂಭಾಗಕ್ಕೆ ಆಸರೆಯಾಗಿರಲಿ.

ಈ ಬೆಟ್ಟದ ಬಂಡೆಗಳು ಬೇಸಿಗೆಯಲ್ಲಿ ಕಾದ ಹೆಂಚಿನಂತಾಗುತ್ತವೆ. 30 ಡಿಗ್ರಿ ಸೆಂಟಿಗ್ರೇಡ್ ದಾಟಿದರೆ ಮೊಲ ಬಳಲುತ್ತದೆ. ಅವಸರವಿಲ್ಲದಿದ್ದರೆ ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ತಂಪಿನಲ್ಲಿ, ಹಸಿರು ಸಿಗುವಾಗ, ಶಸ್ತ್ರಚಿಕಿತ್ಸೆ ಮಾಡಿಸುವುದು ಲೇಸು.

ಇಷ್ಟೆಲ್ಲಾ ತೊಂದರೆ ಏಕೆ ಎಂದು ಕೇಳುವವರಿದ್ದಾರೆ. ಮೊಲ 30-31 ದಿನಕ್ಕೊಮ್ಮೆ ಮರಿ ಹಾಕಬಲ್ಲದು. ಅಲ್ಲದೆ ಗರ್ಭಕೋಶ ತೆಗೆಸದ ಹೆಣ್ಣುಗಳಿಗೆ ವಯಸ್ಸಾದಂತೆ ಅಲ್ಲಿ ಕ್ಯಾನ್ಸರ್ ಗಡ್ಡೆ ಬರುವುದು ಸಾಮಾನ್ಯ. ಹೆಣ್ಣನ್ನು ಕನಿಷ್ಠ ಎರಡು ವಾರ ಗಂಡಿನಿಂದ ಬೇರೆ ಇಡಬೇಕು. ಗಂಡಿಗೆ ಬೀಜ ತೆಗೆಸಿದ್ದರೂ ನಾಲ್ಕರಿಂದ ಆರು ವಾರ ಅದರಿಂದ ಗರ್ಭ ನಿಲ್ಲಬಹುದಾದ್ದರಿಂದ, ಮನೆಯಲ್ಲಿ ಬೇರೆ ಹೆಣ್ಣುಗಳಿದ್ದರೆ ಅಷ್ಟು ಕಾಲ ಗೂಡು ಪ್ರತ್ಯೇಕವಾಗಿರಲಿ.