ಅಟ್ಟದಿಂದ ಇಳಿದ ಪಂಪ್ ಸ್ಟೌ

ಮಕ್ಕಳೇ, ನಿಮ್ಮ ಮನೆಯಲ್ಲಿ ಅಡುಗೆ ಯಾವುದರ ಮೇಲೆ ಆಗುತ್ತದೆ? ಹೆಚ್ಚಿನವರು ಗ್ಯಾಸ್ ಒಲೆ ಎನ್ನುತ್ತೀರಿ. ಕೆಲವರು ಸೌದೆ ಒಲೆ ಎನ್ನಬಹುದು. ಇದೇ ಪ್ರಶ್ನೆಯನ್ನು ನಿಮ್ಮ ಅಜ್ಜಿಗೆ ಕೇಳಿ ನೋಡಿ. ‘ನಮ್ಮ ಕಾಲದಲ್ಲಿ ಪಂಪ್ ಸ್ಟೌ ಇತ್ತು’ ಎಂದಾರು. ಹಿತ್ತಾಳೆಯ ದುಂಡು ಹೊಟ್ಟೆ, ಮೂರು ಕಾಲು, ಪಕ್ಕದಲ್ಲೊಂದು ಪಂಪು. ಹೊತ್ತಿಸಿದರೆ ‘ಭರ್ರ್’ ಎಂಬ ಸದ್ದು!

ಅಂಥದೊಂದು ಸ್ಟೌವನ್ನು ಏಳನೆಯ ತರಗತಿಯ ಹುಡುಗಿಯೊಬ್ಬಳು ಚೀಲದಲ್ಲಿ ಹಾಕಿಕೊಂಡು ನನ್ನ ಬಳಿಗೆ ತಂದಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ದನದ ಕೊಟ್ಟಿಗೆಯ ಅಟ್ಟದಲ್ಲಿ ಬಿದ್ದಿತ್ತಂತೆ.

“ಸರ್, ವಿಜ್ಞಾನ ವಸ್ತುಪ್ರದರ್ಶನದಲ್ಲಿ ಇದನ್ನು ಹೊತ್ತಿಸಿ ತೋರಿಸೋಣ. ನಮ್ಮಜ್ಜಿ ಇದರ ಸದ್ದು ಕೇಳಬೇಕು ಅಂತಿದಾರೆ.”

ನಾನು ಕೂಡಲೇ ಒಪ್ಪಲಿಲ್ಲ. ಹಳೆಯ ಸ್ಟೌ ಸಿಡಿದು ಮೈ ಸುಟ್ಟುಕೊಂಡವರ ಸುದ್ದಿಯನ್ನು ನನ್ನ ಬಾಲ್ಯದಲ್ಲಿ ಎಷ್ಟೋ ಸಲ ಕೇಳಿದ್ದೇನೆ. “ಮೊದಲು ಪರೀಕ್ಷೆ ಮಾಡೋಣ, ಆಮೇಲೆ ಹೊತ್ತಿಸುವ ಮಾತು” ಎಂದೆ.

ಈ ಸ್ಟೌ ಕೆಲಸ ಮಾಡುವುದು ಹೇಗೆ? ಬುಡ್ಡಿ ದೀಪವನ್ನು ನೆನಪಿಸಿಕೊಳ್ಳಿ. ಅದರ ಜ್ವಾಲೆ ಹಳದಿ, ಗೋಡೆಗೆಲ್ಲ ಮಸಿ. ಸೀಮೆಎಣ್ಣೆಗೆ ಸಾಕಷ್ಟು ಗಾಳಿ ಸಿಗದೆ ಅದರಲ್ಲಿನ ಇಂಗಾಲ ಪೂರ್ತಿ ಉರಿಯುವುದಿಲ್ಲ. ಉಳಿದ ಇಂಗಾಲದ ಕಣಗಳು ಕಾದು ಹಳದಿಯಾಗಿ ಹೊಳೆಯುತ್ತವೆ, ತಣಿದ ಮೇಲೆ ಮಸಿಯಾಗಿ ಕೂರುತ್ತವೆ. (‘ಸೀಮೆ’ ಎಂದರೆ ಹೊರದೇಶ ಎಂಬ ಅರ್ಥವೂ ಇದೆ. ಹೊರಗಿನಿಂದ ಬಂದ ಎಣ್ಣೆ ಸೀಮೆಎಣ್ಣೆ. ಸೀಮೆಸುಣ್ಣ, ಸೀಮೆಬದನೆಕಾಯಿ, ಸೀಮೆಹಸು ಎಲ್ಲವೂ ಹೀಗೆಯೇ ಬಂದ ಹೆಸರುಗಳು!)

ಪಂಪ್ ಸ್ಟೌವಿನಲ್ಲಿ ಬತ್ತಿಯೇ ಇಲ್ಲ. ತೊಟ್ಟಿಯಲ್ಲಿ ಮುಕ್ಕಾಲು ಭಾಗ ಎಣ್ಣೆ, ಮೇಲೆ ಗಾಳಿ. ಪಂಪು ಒತ್ತಿದಂತೆಲ್ಲ ಗಾಳಿ ಒತ್ತಾಗುತ್ತದೆ. ಒತ್ತಾದ ಗಾಳಿ ಎಣ್ಣೆಯನ್ನು ಒಂದು ಕೊಳವೆಯ ಮೂಲಕ ಮೇಲಕ್ಕೆ, ಬರ್ನರಿಗೆ ನೂಕುತ್ತದೆ. ಬರ್ನರ್ ಕಾದು ಕೆಂಪಗಿರುವುದರಿಂದ ಎಣ್ಣೆ ಅಲ್ಲಿ ಆವಿಯಾಗುತ್ತದೆ. ಆ ಆವಿ ನಿಪ್ಪಲ್ಲಿನ ಸಣ್ಣ ರಂಧ್ರದಿಂದ ರಭಸವಾಗಿ ಚಿಮ್ಮುತ್ತದೆ. ರಂಧ್ರ ಎಷ್ಟು ಸಣ್ಣದು ಗೊತ್ತೆ? ಸುಮಾರು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗ! ಚಿಮ್ಮುವ ಆವಿ ಸುತ್ತಲಿನ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಎರಡೂ ಬೆರೆತು ಉರಿದಾಗ ನೀಲಿ ಜ್ವಾಲೆ, ಹೆಚ್ಚು ಶಾಖ. ಮಸಿ ಇಲ್ಲವೆಂದೇ ಹೇಳಬಹುದು.

ಆದರೆ ಒಂದು ತೊಡಕು. ಬರ್ನರ್ ಕಾಯಲು ಜ್ವಾಲೆ ಬೇಕು. ಜ್ವಾಲೆ ಬರಲು ಬರ್ನರ್ ಕಾದಿರಬೇಕು. ಹಾಗಾದರೆ ಮೊದಲು ಕಾಯಿಸುವವರು ಯಾರು? ಅದಕ್ಕಾಗಿಯೇ ಬರ್ನರಿನ ಕೆಳಗೆ ಒಂದು ಪುಟ್ಟ ಬಟ್ಟಲಿದೆ. ಅದರಲ್ಲಿ ಸ್ಪಿರಿಟ್ ಸುರಿದು ಉರಿಸುತ್ತಿದ್ದರು. ಸೀಮೆಎಣ್ಣೆ ಕುದಿಯಲು ಶುರುವಾಗುವುದೇ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅವಸರದಲ್ಲಿ ಬರ್ನರ್ ಕಾಯುವ ಮೊದಲೇ ಪಂಪು ಹೊಡೆದರೆ ಆವಿಯ ಬದಲು ಎಣ್ಣೆಯೇ ಚಿಮ್ಮಿ, ಹಳದಿ ಬೆಂಕಿ ಆಳೆತ್ತರಕ್ಕೆ ಏಳುತ್ತಿತ್ತು. ಸೀರೆಯ ಸೆರಗಿಗೆ ಬೆಂಕಿ ತಗಲುತ್ತಿದ್ದುದು ಹೆಚ್ಚಾಗಿ ಇಂಥ ಹೊತ್ತಿನಲ್ಲಿ.

ಮಸಿಯಿಲ್ಲದ ಈ ಸ್ಟೌವನ್ನು 1892ರಲ್ಲಿ ಸ್ವೀಡನ್ ದೇಶದ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ರೂಪಿಸಿದರು. ಹೆಸರು ‘ಪ್ರೈಮಸ್’. ಲ್ಯಾಟಿನ್ ಭಾಷೆಯಲ್ಲಿ ‘ಮೊದಲನೆಯದು’ ಎಂದರ್ಥ. 1911ರಲ್ಲಿ ಅಮುಂಡ್‌ಸೆನ್ ತಂಡದ ಜೊತೆ ಇದು ದಕ್ಷಿಣ ಧ್ರುವಕ್ಕೂ ಹೋಯಿತು. 1953ರ ಮೇ 29ರಂದು ಎವರೆಸ್ಟ್ ಏರುವ ಮುನ್ನ ಹಿಲರಿಯ ಬೂಟುಗಳು ಹಿಮಗಟ್ಟಿ ಕಲ್ಲಿನಂತಾಗಿದ್ದವು. ಅವನ್ನು ಮೆದುಗೊಳಿಸಿದ್ದು ಇಂಥದೇ ಸ್ಟೌವಿನ ಜ್ವಾಲೆ.

ನಮ್ಮ ಮುಂದಿದ್ದ ಸ್ಟೌ ಯಾವುದು? ತೊಟ್ಟಿಯ ಮೇಲೆ ಒತ್ತಿದ್ದ ಅಕ್ಷರಗಳು ಸವೆದುಹೋಗಿದ್ದವು. ‘ಇಂಡಿಯಾ’ ಎಂಬುದಷ್ಟೇ ಉಳಿದಿತ್ತು. ಅಂದರೆ ಪ್ರೈಮಸ್ ಮಾದರಿಯಲ್ಲಿ ಇಲ್ಲೇ ತಯಾರಾದದ್ದು. ಅಯಸ್ಕಾಂತ ಹಿಡಿದೆವು. ಕಾಲುಗಳಿಗೆ ಅಂಟಿತು, ತೊಟ್ಟಿಗೆ ಅಂಟಲಿಲ್ಲ. ಕಾಲು ಉಕ್ಕಿನದು, ತೊಟ್ಟಿ ಬರೀ ಬಣ್ಣ ಹೊದಿಸಿದ ಕಬ್ಬಿಣವಲ್ಲ, ಹಿತ್ತಾಳೆಯೇ. ಬರ್ನರಿನ ತಲೆಯ ಮೇಲೆ ಚಿಕ್ಕದೊಂದು ತಟ್ಟೆ ಇತ್ತು. ಆವಿ ಈ ತಟ್ಟೆಗೆ ಬಡಿದು ಉರಿಯುವಾಗಲೇ ಆ ‘ಭರ್ರ್’ ಸದ್ದು. ತಟ್ಟೆಯ ಬದಲು ತೂತು ತೂತಿನ ಟೋಪಿ ಇದ್ದರೆ ಅದು ಸದ್ದು ಕಡಿಮೆ ಮಾಡುವ ಬರ್ನರ್. ಅಜ್ಜಿಯ ನೆನಪು ಸರಿಯಾಗಿಯೇ ಇತ್ತು!

ಸಂತೆಯ ಬೀದಿಯಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಹಿರಿಯರೊಬ್ಬರು ಮೊದಲು ಸ್ಟೌ ರಿಪೇರಿ ಮಾಡುತ್ತಿದ್ದರು. ಅವರ ಬಳಿಗೆ ಒಯ್ದೆವು. ಅವರು ಪಂಪಿನ ಸರಳು ಹೊರಗೆಳೆದು ತುದಿಯ ಚರ್ಮದ ವಾಷರ್ ತೋರಿಸಿದರು. ಒಣಗಿ ಹಪ್ಪಳದಂತಾಗಿತ್ತು. ಅದನ್ನು ಹೊಲಿಗೆ ಯಂತ್ರದ ಎಣ್ಣೆಯಲ್ಲಿ ನೆನೆಸಿಟ್ಟರು. ಮರುದಿನ ಅದು ಅರಳಿ ಬಟ್ಟಲಿನ ಆಕಾರಕ್ಕೆ ಬಂತು. ಪಂಪಿನ ತಳದಲ್ಲಿ ಒಂದು ಕವಾಟವಿದೆ. ಸೈಕಲ್ ಟ್ಯೂಬಿನ ವಾಲ್ವಿನಂತೆ ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. “ಪಂಪಿನ ಹಿಡಿ ತಾನಾಗಿಯೇ ಮೇಲೆದ್ದು ಬಂದರೆ ಈ ವಾಲ್ವು ಕೆಟ್ಟಿದೆ ಅಂತ ತಿಳ್ಕೋ” ಎಂದರು. ಅದಕ್ಕೆ ಹೊಸ ರಬ್ಬರಿನ ತುಣುಕು ಕತ್ತರಿಸಿ ಕೂರಿಸಿದರು.

ಇತ್ತ ಹುಡುಗಿ ಹುಣಸೆಹಣ್ಣಿನಿಂದ ತೊಟ್ಟಿ ಉಜ್ಜಿದಳು. ಹುಣಸೆಯಲ್ಲಿರುವ ಆಮ್ಲ ಹಿತ್ತಾಳೆಯ ಮೇಲಿನ ಕಪ್ಪನ್ನೂ ಹಸಿರು ಕಿಲುಬನ್ನೂ ಕರಗಿಸುತ್ತದೆ. ತೊಟ್ಟಿ ಚಿನ್ನದಂತೆ ಹೊಳೆಯಿತು. ಆಗಲೇ ಅವಳ ಕಣ್ಣಿಗೆ ಒಂದು ಗೆರೆ ಬಿತ್ತು. ತೊಟ್ಟಿಯ ಅಂಚಿನಲ್ಲಿ, ಕೂದಲೆಳೆಯಷ್ಟು ಸಣ್ಣದು.

“ತಾತ, ಇದು ಗೀರು ಅಲ್ವಾ?”

“ನೋಡೋಣ ಇರು” ಎಂದು ಹಿರಿಯರು ಬರ್ನರ್ ಬಿಚ್ಚಿ ಆ ಬಾಯಿಗೆ ಬಿಗಿಯಾಗಿ ಮುಚ್ಚಳ ಹಾಕಿದರು. ಖಾಲಿ ತೊಟ್ಟಿಗೆ ನಾಲ್ಕೇ ಸಲ ಪಂಪು ಹೊಡೆದು, ಪಂಕ್ಚರ್ ನೋಡುವ ನೀರಿನ ಬಾಂಡಲಿಯಲ್ಲಿ ಮುಳುಗಿಸಿದರು. ಎಣ್ಣೆ ಹಾಕುವ ಮುಚ್ಚಳದ ಬಳಿ ಗುಳ್ಳೆ ಎದ್ದವು. ವಾಷರ್ ಬದಲಿಸಿದ ಮೇಲೆ ನಿಂತವು. ಆದರೆ ಆ ಗೆರೆಯುದ್ದಕ್ಕೂ ಮುತ್ತಿನ ಸರದಂತೆ ಗುಳ್ಳೆಗಳು ಬರುತ್ತಲೇ ಇದ್ದವು.

ಅಟ್ಟದಲ್ಲಿ ಸುಮ್ಮನೆ ಕುಳಿತಿದ್ದ ಹಿತ್ತಾಳೆ ಬಿರುಕು ಬಿಟ್ಟಿದ್ದೇಕೆ? ಇದಕ್ಕೆ ಹೋಲುವ ಘಟನೆ ನಮ್ಮ ದೇಶದಲ್ಲೇ ನಡೆದಿದೆ. ಬ್ರಿಟಿಷ್ ಸೈನ್ಯದವರು ಭಾರತದಲ್ಲಿ ಗುಂಡುಗಳ ಹಿತ್ತಾಳೆ ಕವಚಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳ ಬಳಿ ಇಡುತ್ತಿದ್ದರು. ಅವು ಬಳಸುವ ಮೊದಲೇ ಬಿರುಕು ಬಿಡುತ್ತಿದ್ದವು. ಕಾರಣ ಸ್ಪಷ್ಟವಾದದ್ದು 1921ರಲ್ಲಿ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಅದನ್ನು ಬಡಿದು ಒತ್ತಿ ಆಕಾರ ಕೊಟ್ಟಾಗ ಲೋಹದೊಳಗೆ ಬಿಗುವು ಉಳಿದುಬಿಡುತ್ತದೆ. ಗಂಜಲದಿಂದ ಏಳುವ ಅಮೋನಿಯ ಅನಿಲವು ತೇವದ ಜೊತೆ ಸೇರಿ ಆ ಬಿಗುವಿನ ಜಾಗವನ್ನು ಕೊರೆಯುತ್ತದೆ. ನಮ್ಮ ಸ್ಟೌ ಇದ್ದದ್ದು ಕೊಟ್ಟಿಗೆಯ ಅಟ್ಟದಲ್ಲಿ ಎಂದು ಹೇಳಿದ್ದೆನಲ್ಲ! ಇದೇ ಕಾರಣ ಇರಬೇಕೆಂದು ನನ್ನ ಊಹೆ.

“ಬೆಸುಗೆ ಹಾಕಿದರೆ ಆಗುವುದಿಲ್ಲವೇ?” ಎಂದು ಕೇಳಿದೆ.

“ಗೆರೆ ಇವತ್ತು ಇಲ್ಲಿ ಕಾಣ್ತಿದೆ ಮೇಷ್ಟ್ರೇ, ನಾಳೆ ಪಕ್ಕದಲ್ಲಿ ಬಿಡುತ್ತೆ. ಎಣ್ಣೆ ಕುಡಿದ ತೊಟ್ಟಿ ಹತ್ತಿರ ಬೆಂಕಿ ತರೋದೂ ಅಪಾಯ, ಒಳಗೆ ಉಳಿದ ಆವಿ ಸಿಡಿಯುತ್ತೆ. ನಾನಂತೂ ಹೊತ್ತಿಸಿ ಕೊಡಲ್ಲ” ಎಂದರು.

ಹುಡುಗಿಯ ಮುಖ ಸಣ್ಣದಾಯಿತು. ನನಗೂ ಬೇಸರವಾಯಿತು, ಸುಳ್ಳೇಕೆ ಹೇಳಲಿ. ನಿಮ್ಮ ಮನೆಯಲ್ಲಿ ಇಂಥ ಸ್ಟೌ ಇದ್ದರೆ ಬಿಚ್ಚಿ ನೋಡುವುದು, ಉಜ್ಜುವುದು ಸರಿ. ಅದೂ ದೊಡ್ಡವರ ಎದುರಿನಲ್ಲಿ. ಎಣ್ಣೆ ತುಂಬಿ ಹೊತ್ತಿಸಲು ನೀವು ಹೋಗಲೇಬೇಡಿ. ಸೀಮೆಎಣ್ಣೆ ಸಿಗದೆಂದು ಪೆಟ್ರೋಲ್ ಹಾಕುವುದಂತೂ ಕೊಲೆಗೆ ಸಮ.

ಪ್ರದರ್ಶನದಲ್ಲಿ ಆ ಸ್ಟೌವನ್ನು ಬೆಂಕಿಯಿಲ್ಲದೆಯೇ ಇಟ್ಟೆವು. ಹಿರಿಯರು ಬರ್ನರ್ ಮತ್ತೆ ಕೂರಿಸಿ, ನಿಪ್ಪಲ್ಲಿನ ರಂಧ್ರವನ್ನು ಪಿನ್ನಿನಿಂದ ಬಿಡಿಸಿಕೊಟ್ಟಿದ್ದರು. ಖಾಲಿ ತೊಟ್ಟಿಗೆ ಮೂರು ನಾಲ್ಕು ಸಲ ಪಂಪು ಹೊಡೆದರೆ ರಂಧ್ರದಿಂದ ‘ಸುಯ್’ ಎಂದು ಗಾಳಿ ಬರುತ್ತಿತ್ತು. ಅದರ ಮೇಲೆ ಹಿಡಿದ ಕಾಗದದ ಚೂರು ಪಟಪಟ ಅಲುಗುತ್ತಿತ್ತು. ಚಿಕ್ಕ ಮಕ್ಕಳು ಸಾಲುಗಟ್ಟಿ ನಿಂತು ಪಂಪು ಹೊಡೆದರು.

ಅಜ್ಜಿಯೂ ಬಂದಿದ್ದರು. ಮೊಮ್ಮಗಳು ಪಂಪು ಹೊಡೆದಾಗ ಕಿವಿಗೊಟ್ಟು ಕೇಳಿ, “ಸದ್ದು ಅರ್ಧ ಬಂತು ಕಣೆ” ಎಂದರು. ಆಮೇಲೆ ತಾವೂ ಕುಳಿತು ಎರಡು ಸಲ ಪಂಪು ಹೊಡೆದರು.