ಎಲ್ಲಕ್ಕಿಂತ ಮೊದಲು ತೆರೆಯುವ ಕಡತ

ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶದ ಮೊದಲ ರೂಪವನ್ನು ಹೊರಗಿಟ್ಟಾಗ ಅದರಲ್ಲಿದ್ದದ್ದು 11 ಕಡತಗಳು. ಅವುಗಳಲ್ಲಿ ಒಂದು ರೀಡ್‌ಮಿ, ಅಂದರೆ ತಂತ್ರಾಂಶವನ್ನು ಪರಿಚಯಿಸುವ ಕಡತ. ಎಲ್ಲ ಸೇರಿ 1,200 ಚಿಲ್ಲರೆ ಸಾಲುಗಳಾದರೆ, 150ಕ್ಕೂ ಹೆಚ್ಚು ಸಾಲುಗಳು ಈ ಒಂದು ಕಡತದವೇ. ಗಿಟ್ ಎಂಬ ಹೆಸರಿನ ಬಗ್ಗೆ ಒಂದಿಷ್ಟು ತಮಾಷೆ ಮಾಡಿ, ಮಾಹಿತಿಯನ್ನು ಒಳಗೆ ಹೇಗೆ ಜೋಡಿಸಿಡುತ್ತದೆ ಎಂಬುದನ್ನು ಅದು ವಿವರವಾಗಿ ಹೇಳುತ್ತದೆ. ಕೆಲಸ ಎಲ್ಲಿಂದ ಶುರುಮಾಡಬೇಕು ಎಂಬ ಹಂತಹಂತದ ಪಾಠ ಮಾತ್ರ ಅಲ್ಲಿಲ್ಲ. ಓದುವವರು ಲಿನಕ್ಸ್ ಕರ್ನಲ್ ಬರೆಯುವ ಪಳಗಿದ ಕೈಗಳಾಗಿದ್ದರಿಂದ ಅದು ಸಾಕಾಯಿತು. ಅದನ್ನೇ ಇಂದಿನ ಡಿಪ್ಲೊಮಾ ವಿದ್ಯಾರ್ಥಿಯ ಕೈಗಿಟ್ಟರೆ ಆತ ಎರಡನೇ ಪ್ಯಾರಾದಲ್ಲೇ ಕಂಗಾಲಾಗುತ್ತಾನೆ. ಯಾರು ಓದುತ್ತಾರೆ ಎಂಬುದು ತೀರ್ಮಾನವಾಗದೆ ರೀಡ್‌ಮಿಯ ಒಂದು ಸಾಲನ್ನೂ ನೆಟ್ಟಗೆ ಬರೆಯಲಾಗದು.

ತಂತ್ರಾಂಶದ ಜೊತೆ ರೀಡ್‌ಮಿ ಇಡುವ ಪದ್ಧತಿ 1970ರ ದಶಕದಷ್ಟು ಹಳೆಯದು. ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ (README) ಬರೆಯುವುದರಿಂದ ಒಂದು ಅನುಕೂಲವೂ ಇತ್ತು: ಆಸ್ಕಿ ಕ್ರಮದಲ್ಲಿ ದೊಡ್ಡಕ್ಷರಗಳು ಮೊದಲು ಬರುತ್ತವೆ, ಹಾಗಾಗಿ ಕಡತಗಳ ಪಟ್ಟಿಯಲ್ಲಿ ಅದು ಮೇಲ್ಗಡೆಯೇ ಕಾಣುತ್ತಿತ್ತು. 2008ರಲ್ಲಿ ಶುರುವಾದ, ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್ ಅದನ್ನು ಯೋಜನೆಯ ಮುಖಪುಟದಲ್ಲೇ ತೋರಿಸತೊಡಗಿತು.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಬರವಣಿಗೆಯನ್ನು ಯೂನಿಕೋಡ್‌ಗೆ ಬದಲಿಸುವ ಪುಟ್ಟ ತಂತ್ರಾಂಶವೊಂದನ್ನು ನೀವು ಬರೆದಿದ್ದೀರಿ ಎನ್ನೋಣ. "ಇದು ವೇಗವಾದ, ಸರಳವಾದ, ಆಧುನಿಕ ಸಾಧನ" ಎಂದು ಅದರ ರೀಡ್‌ಮಿಯನ್ನು ಆರಂಭಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ನುಡಿಯಲ್ಲಿ ಟೈಪ್ ಮಾಡಿದ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುತ್ತದೆ, ನಡುವೆ ಇಂಗ್ಲಿಷ್ ಪದಗಳಿದ್ದರೆ ಅವು ಕೆಡುತ್ತವೆ" ಎನ್ನಿ. ಆಗದ ಕೆಲಸವನ್ನು ಮೊದಲೇ ಹೇಳಿಬಿಟ್ಟರೆ ಬಳಸುವವರ ಅರ್ಧ ದಿನ ಉಳಿಯುತ್ತದೆ. ಆಮೇಲೆ ನಾಲ್ಕು ಸಾಲಿನ ಮಾದರಿ ಕೊಡಿ: ಒಳಗೆ ಹೋದದ್ದು ಏನು, ಹೊರಗೆ ಬಂದದ್ದು ಏನು. ಪೈಥಾನ್‌ನ ಯಾವ ಆವೃತ್ತಿ ಬೇಕು, ಕಮಾಂಡನ್ನು ಯಾವ ಫೋಲ್ಡರಿನಲ್ಲಿ ನಿಂತು ಕೊಡಬೇಕು, ಕೊಟ್ಟ ಮೇಲೆ ತೆರೆಯ ಮೇಲೆ ಏನು ಕಾಣಬೇಕು ಎಂಬುದೂ ಇರಲಿ. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೊಸಬರಿಗೆ ಕೆಲಸ ಆಯಿತೋ ಕೆಟ್ಟಿತೋ ಗೊತ್ತಾಗುವುದೇ ಇಲ್ಲ. (ಲಾರಿಯ ಹಿಂಬದಿಯಂತೆ ರೀಡ್‌ಮಿಯ ಮೇಲ್ಭಾಗಕ್ಕೆ ಬಣ್ಣದ ಬ್ಯಾಡ್ಜ್‌ಗಳನ್ನು ಸಾಲಾಗಿ ಮೆತ್ತುವ ಉತ್ಸಾಹವನ್ನು ಇಲ್ಲಿಗೆ ತಿರುಗಿಸಿದರೆ ಒಳ್ಳೆಯದಿತ್ತು.)

ಕೋಡ್‌ಗಿಂತ ಮೊದಲೇ ರೀಡ್‌ಮಿ ಬರೆಯಿರಿ ಎಂದು ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ 2010ರಲ್ಲಿ ವಾದಿಸಿದ್ದರು. ಸಣ್ಣ ಯೋಜನೆಗಳಿಗೆ ಇದು ನಿಜಕ್ಕೂ ಒಳ್ಳೆಯ ಸಲಹೆ. ಎರಡು ವಾಕ್ಯಗಳಲ್ಲಿ ವಿವರಿಸಲಾಗದ ತಂತ್ರಾಂಶ ಬರೆದವರ ತಲೆಯಲ್ಲೂ ಇನ್ನೂ ಸ್ಪಷ್ಟವಾಗಿರುವುದಿಲ್ಲ.

ಬರೆದದ್ದನ್ನು ಪರೀಕ್ಷಿಸಲು ನಿಮ್ಮ ಕಂಪ್ಯೂಟರ್ ಸಾಲದು. ಅದರಲ್ಲಿ ಬೇಕಾದದ್ದೆಲ್ಲ ಎಂದೋ ಇನ್‌ಸ್ಟಾಲ್ ಆಗಿರುತ್ತದೆ. ಯೋಜನೆಯನ್ನು ನೋಡಿಯೇ ಇರದವರೊಬ್ಬರ ಬೇರೆ ಯಂತ್ರದಲ್ಲಿ, ನೀವು ಬಾಯಿಬಿಡದೆ, ಅವರೇ ಓದಿಕೊಂಡು ಮಾಡಲಿ. ಅವರು ತಡವರಿಸಿದ ಕಡೆ ತಿದ್ದಿ. ಮುಂದೆ ಕಮಾಂಡ್ ಬದಲಾದರೆ ಅದೇ ದಿನ ರೀಡ್‌ಮಿಯೂ ಬದಲಾಗಲಿ.

ಕೊನೆಯಲ್ಲಿ ಲೈಸೆನ್ಸ್ ಹೆಸರಿಸಿ, ಅದರ ಪೂರ್ಣ ಪಠ್ಯವನ್ನು ಬೇರೆ ಕಡತದಲ್ಲಿಡಿ. ಲೈಸೆನ್ಸ್ ಇಲ್ಲದ ಕೋಡ್ ಎಲ್ಲರ ಕಣ್ಣಿಗೆ ಬೀಳುವಂತಿದ್ದರೂ ಅದರ ಹಕ್ಕುಗಳೆಲ್ಲ ಬರೆದವರಲ್ಲೇ ಉಳಿಯುತ್ತವೆ.